ಸುಟ್ಟ ಸೆರಗು

ಪಕ್ಕದ ಮನೆಯ ಅಕ್ಕ ಮೊದಲು ಹಾಲನ್ನು ಮೂಸಿ, ಹಾಲಿನವನ ಮುಖವನ್ನೂ ಒಮ್ಮೆ ನೋಡಿ, ಆಮೇಲೆ ಪಾತ್ರೆ ಒಡ್ಡುತ್ತಿದ್ದಳು. ಯಾರು ಏನೇ ಹೇಳಿದರೂ "ಯಾರಿಗೆ ಗೊತ್ತು ತಗಿ" ಎನ್ನುತ್ತಿದ್ದಳು.

ಅವಳ ತೀರಿಹೋದ ತಾಯಿಯ ರೇಷ್ಮೆ ಸೀರೆಯ ಸೆರಗನ್ನು ನಮ್ಮ ಓಣಿಯ ಇಸ್ತ್ರಿಯವನು ಸುಟ್ಟುಬಿಟ್ಟಿದ್ದ. ತೂತು ಮೊದಲೇ ಇತ್ತೆಂದು ಅವನ ವಾದ. ಪರಿಹಾರ ಕೇಳಿ ದಾವೆ ಹಾಕಲು ಅಕ್ಕ ನನ್ನನ್ನೂ ಕರೆದುಕೊಂಡು ಕೂಡ್ಲಿಗಿ ಕೋರ್ಟಿಗೆ ಹೋದಳು. ಸೀರೆ ಹಸಿರಿತ್ತೋ ನೀಲಿಯಿತ್ತೋ, ಈ ವಿಷಯದಲ್ಲಿ ನನ್ನ ನೆನಪನ್ನು ನಾನೇ ನಂಬಲಾರೆ.

"ಸೀರಿ ಇಲ್ಲೇ ಬಿಡ್ರಿ ಅಕ್ಕಾರ, ಸಾಕ್ಷಿಗೆ ಬೇಕು," ಎಂದ ನಮ್ಮ ವಕೀಲರ ಗುಮಾಸ್ತ.

"ನೀವು ಬದಲಿ ಮಾಡಿದ್ರ?"

"ಅಯ್ಯ, ನಾನೇನು ಸೀರಿ ಉಡ್ತೀನೇನ್ರಿ?"

"ನಿಮ್ಮ ಮನಿಯಾಕಿ ಉಡ್ತಾಳಲ್ಲ!"

ಅಕ್ಕ ಚೀಲದಿಂದ ಕತ್ತರಿ ತೆಗೆದಳು. ಮುಂದೆ ಹೊಂದಿಸಿ ನೋಡಲು ಗುರುತಿರಲೆಂದು, ತೂತಿನ ಸುತ್ತಲಿನ ಕರಕಲು ಅಂಚನ್ನೆಲ್ಲ ಕತ್ತರಿಸಿ ತನ್ನ ಪರ್ಸಿಗೆ ಹಾಕಿಕೊಂಡಳು.

ಗುಮಾಸ್ತ ತಲೆ ಮೇಲೆ ಕೈ ಇಟ್ಟುಕೊಂಡ. "ಹೋತು ಬಿಡ್ರಿ. ತೂತು ನೀವ ಕತ್ತರಿಸಿದ್ದು ಅಂತಾನ ಇನ್ನ ಇಸ್ತ್ರಿಯವನ ವಕೀಲ."

ಅಕ್ಕ ಸೀರೆಯನ್ನು ಎದೆಗೊತ್ತಿಕೊಂಡು ನನ್ನ ಕಡೆ ತಿರುಗಿದಳು. "ಬಾಜೂಕ ನಿಂತು ನೋಡಿದಿ, ಯಾಕಲೇ ತಡೀಲಿಲ್ಲ?"

ಅವಳ ಕಣ್ಣು ನಿಧಾನವಾಗಿ ನನ್ನ ಗರಿಗರಿ ಕಾಲರಿಗೆ ಇಳಿಯಿತು.

"ಈ ಅಂಗಿ ಯಾರ ಹತ್ರ ಇಸ್ತ್ರಿ ಮಾಡಿಸೀದಿ?"