ಅರ್ಧ ಹೊಟ್ಟೆಗೆ ಎರಡು ಇಡ್ಲಿ

ಎಂಬತ್ತನೆಯ ಇಸವಿಯ ಸುಮಾರಿಗೆ, ಹುಣ್ಣಾಗಿದೆ ಎಂದು ರಾಯಚೂರಿನ ದವಾಖಾನೆಯಲ್ಲಿ ನನ್ನ ಅರ್ಧ ಹೊಟ್ಟೆ ಕತ್ತರಿಸಿ ತೆಗೆದರು. ತುತ್ತು ಸಣ್ಣದಿರಲಿ, ಗಂಜಿಯಾಗುವ ತನಕ ಅಗಿ, ಉಣ್ಣುವಾಗ ನೀರು ಕುಡಿಯಬೇಡ ಎಂದು ಡಾಕ್ಟರು ಹೇಳಿದ್ದರು. ತಪ್ಪಿದರೆ ಒಳಗಿನ ಹೊಲಿಗೆ ಬಿಚ್ಚಿಕೊಳ್ಳುತ್ತದೆ ಎಂದು ನಾನೇ ತಿಳಿದುಕೊಂಡಿದ್ದೆ. ಎರಡು ತಿಂಗಳು ಮನೆಯ ಗಂಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಡಾಕ್ಟರಿಗೆ ಮತ್ತೆ ತೋರಿಸಿಕೊಂಡು ನಮ್ಮೂರು ಮಾನ್ವಿಗೆ ಹೊರಟ ದಿನ ಡಬ್ಬಿಯಲ್ಲಿದ್ದ ಗಂಜಿ ಹಳಸಿತ್ತು. ಬೆಳಗಿನಿಂದ ಏನೂ ತಿಂದಿರಲಿಲ್ಲ. ನಮ್ಮ ಮನೆಯವರು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಿಂದ ಎರಡು ಇಡ್ಲಿ ಕಟ್ಟಿಸಿಕೊಂಡು ಬಂದರು. ಮೇಲೆ ಸುರಿದಿದ್ದ ಕೆಂಪು ಚಟ್ನಿಯನ್ನು ಬಳಿದು ಚೆಲ್ಲಿ, ನಡುವಿನ ಮೆತ್ತನೆಯದನ್ನು ಚಿವುಟಿ ಬಾಯಿಗಿಟ್ಟೆ.

"ಲಗೂ ತಿನ್ನಬೇ, ಬಸ್ ಬಿಡ್ತದ. ಹೊಟ್ಟಿ ತುಂಬ ತಿನ್ನು."

"ಯಾವ ಹೊಟ್ಟಿ ರೀ? ಅದನ್ನ ಡಾಕ್ಟರ್ ಇಟ್ಕೊಂಡಾನ."

ಅಷ್ಟರಲ್ಲಿ ಕಂಡಕ್ಟರ್ ಸೀಟಿ ಊದಿದ. ಗಾಬರಿಯಲ್ಲಿ ಅಗಿಯದೆ ನುಂಗಿಬಿಟ್ಟೆ. ತುತ್ತು ಎದೆಯ ಕೆಳಗೆ ಕಲ್ಲಿನಂತೆ ನಿಂತಿತು. ಮೈಯೆಲ್ಲ ಬೆವೆತಿತು. ಮನೆಯವರು ತಂಬಿಗೆಯನ್ನು ನನ್ನ ಬಾಯಿಗೆ ಹಿಡಿದರು.

"ನೀರ ಕುಡಿ, ಇಳೀತದ."

ಬಾಯಿ ಬಿಗಿಹಿಡಿದು ತಲೆ ಅಲ್ಲಾಡಿಸಿದೆ. ನೀರು ಕುಡಿದರೆ ಹೊಲಿಗೆ ಹರಿದು, ಮಾನ್ವಿಗೆ ನನ್ನ ಹೆಣವೇ ಹೋಗುತ್ತದೆ ಎಂದು ನಂಬಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತುತ್ತು ಇಳಿಯುವಷ್ಟರಲ್ಲಿ ಬಸ್ಸು ಹೋಗಿತ್ತು.

"ಇನ್ನೊಂದ ಬಸ್ ಬರ್ತದ, ನೀ ಅಗಿ," ಎಂದು ಅವರು ತಂಬಿಗೆಯನ್ನು ಬೆನ್ನ ಹಿಂದೆ ಇಟ್ಟುಕೊಂಡರು.

ಆ ಬಸ್ಸು ಬರುವ ತನಕ ಒಂದೇ ಇಡ್ಲಿ ಅಗಿದೆ, ಇನ್ನೊಂದನ್ನು ಅವರಿಗೆ ಕೊಟ್ಟೆ. ಮಾನ್ವಿ ಮುಟ್ಟುವ ತನಕ ನನ್ನ ಒಂದು ಕೈ ಹೊಲಿಗೆಯ ಮೇಲೆಯೇ ಇತ್ತು.