ಟಿವಿಯಲ್ಲಿ ಮಣ್ಣು ಕಲಸಿದ್ದು

ಜಪಾನಿನ ಹಮಾಮತ್ಸು ಊರಿನ ಲೋಕಲ್ ಟಿವಿ ಕೇಂದ್ರದವರು ನನ್ನನ್ನು ಮೊದಲು ಕರೆದದ್ದು ಸೀರೆ ಉಟ್ಟುಕೊಂಡು ಬಂದು ಮಕ್ಕಳೆದುರು ಇಂಡಿಯನ್ ಕರಿ ಮಾಡಿ ತೋರಿಸಲಿಕ್ಕೆ. ಶನಿವಾರ ಬೆಳಿಗ್ಗೆ ಅವರದೊಂದು ಮಕ್ಕಳ ಕಾರ್ಯಕ್ರಮವಿತ್ತು. ಅದರ ನಿರ್ದೇಶಕಿ ನನ್ನನ್ನು ಹುಡುಕಿಕೊಂಡು ನಾನು ಕಲಿಸುವ ವಿಶ್ವವಿದ್ಯಾಲಯಕ್ಕೇ ಬಂದಿದ್ದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಮಾತು ಮೆಲ್ಲಗೆ, ನಡಿಗೆ ಚುರುಕು. ನನ್ನ ಕೋಣೆಯಲ್ಲಿ ಕೂರಲು ಜಾಗವಿರಲಿಲ್ಲ, ಕುರ್ಚಿಯ ಮೇಲೂ ಮಣ್ಣಿನ ಚೀಲಗಳಿದ್ದವು. ಒಂದು ಚೀಲ ಎತ್ತಿ ಕೆಳಗಿಟ್ಟು ಅವರನ್ನು ಕೂರಿಸಿದೆ.

"ಸೆನ್ಸೆ, ನಿಮ್ಮ ದೇಶದ ಅಡುಗೆ ಅಂದರೆ ಇಲ್ಲಿನ ಮಕ್ಕಳಿಗೆ ತುಂಬಾ ಇಷ್ಟ," ಎಂದರು. ಸೆನ್ಸೆ ಎಂದರೆ ಮೇಡಂ, ಟೀಚರ್ ಎಲ್ಲ ಸೇರಿದ ಹಾಗೆ.

"ಅಡುಗೆ ನಾನು ಮನೆಯಲ್ಲಿ ಮಾಡುತ್ತೇನೆ. ಕಲಿತದ್ದು ಮಾತ್ರ ಮಣ್ಣಿನ ವಿಷಯ," ಎಂದೆ. "ಮಕ್ಕಳಿಗೆ ಮಣ್ಣಿನ ಬಗ್ಗೆ ಹೇಳಿಕೊಡಲೇ?"

"ಮಣ್ಣು ಸ್ವಲ್ಪ..." ಎಂದು ಅವರು ರಾಗ ಎಳೆದರು. ಇಲ್ಲಿಯವರು ಹಾಗೆ 'ಸ್ವಲ್ಪ' ಎಂದು ಅರ್ಧಕ್ಕೆ ನಿಲ್ಲಿಸಿದರೆ ಆಗುವುದಿಲ್ಲ ಎಂದೇ ಅರ್ಥ. ಇಷ್ಟು ವರ್ಷ ಇಲ್ಲಿದ್ದು ಅದು ನನಗೆ ಅರ್ಥವಾಗದೇ ಇರಲಿಲ್ಲ. ಆದರೂ ಅರ್ಥವಾಗದವಳ ಹಾಗೆ ಕೇಳಿದೆ. "ನಿಮ್ಮ ಕಾರ್ಯಕ್ರಮ ಯಾವ ಬಗೆಯದು ಅಂತ ಕೇಂದ್ರದವರು ಹೇಳುತ್ತಾರೆ?"

"ಶಿಕ್ಷಣ," ಎಂದರು. ಆಮೇಲೆ ಸ್ವಲ್ಪ ನಕ್ಕರು.

ಆ ನಗುವಿಗೆ ಕಾರಣವಿತ್ತು. ಇಲ್ಲಿನ ಪ್ರಸಾರ ಕಾನೂನಿನಂತೆ ಟಿವಿ ಕೇಂದ್ರಗಳು ಬರೀ ಮನರಂಜನೆ ಕೊಟ್ಟು ಕೈ ತೊಳೆದುಕೊಳ್ಳುವಂತಿಲ್ಲ. ಶಿಕ್ಷಣಕ್ಕೂ ಸಂಸ್ಕೃತಿಗೂ ಜಾಗ ಇಡಬೇಕು, ಯಾವುದು ಯಾವ ಬಗೆಯದು ಎಂದು ತಾವೇ ಹೇಳಬೇಕು. ಹೊರಗಿನವರ ಒಂದು ಸಲಹಾ ಮಂಡಳಿ ಕಾರ್ಯಕ್ರಮಗಳನ್ನು ನೋಡಿ ತನ್ನ ಅಭಿಪ್ರಾಯ ತಿಳಿಸುತ್ತದೆ. ಇವರ ಶನಿವಾರದ ಕಾರ್ಯಕ್ರಮವನ್ನು ನಾನೂ ನೋಡಿದ್ದೆ. ಗೊಂಬೆ ವೇಷದವರು ಕುಣಿಯುತ್ತಿದ್ದರು, ಯಾವುದೋ ಹೊಸ ಅಂಗಡಿಯ ಐಸ್‌ಕ್ರೀಮನ್ನು ಮಕ್ಕಳು ತಿಂದು ರುಚಿಯಾಗಿದೆ ಎನ್ನುತ್ತಿದ್ದರು. ಅದು ಶಿಕ್ಷಣ ಎಂದು ಆ ನಿರ್ದೇಶಕಿಗೂ ಅನ್ನಿಸಿರಲಿಲ್ಲ. ನಾನು ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಮೂರು ಚೀಲದಿಂದ ಒಂದೊಂದು ಹಿಡಿ ಮಣ್ಣು ತೆಗೆದು, ನೀರು ಹಾಕಿ, ಅವರ ಅಂಗೈಗೆ ಕೊಟ್ಟೆ.

"ಉಜ್ಜಿ, ಕಡ್ಡಿ ಮಾಡಿ."

ಮೊದಲನೆಯದು ಸಮುದ್ರ ದಂಡೆಯ ಮರಳು, ಬೆರಳ ಸಂದಿಯಲ್ಲಿ ಉದುರಿಹೋಯಿತು. ಗದ್ದೆಯದ್ದು ಗಿಡ್ಡ ಕಡ್ಡಿಯಾಗಿ ಮುರಿಯಿತು. ಊರಿನ ಉತ್ತರಕ್ಕೆ ಆಲೂಗೆಡ್ಡೆ ಬೆಳೆಯುವ ಎತ್ತರದ ಬಯಲಿದೆ, ಅಲ್ಲಿನ ಕೆಂಪು ಮಣ್ಣು ಮಾತ್ರ ಅವರ ಕೈಯಲ್ಲಿ ಉದ್ದವಾಗಿ, ತೆಳ್ಳಗಾಗಿ, ಬಾಗಿಸಿದರೆ ನಮ್ಮ ಕೋಡುಬಳೆಯಂತೆ ದುಂಡಗಾಯಿತು. ನಿರ್ದೇಶಕಿ ಅದನ್ನು ಕೆಳಗಿಡಲಿಲ್ಲ. ಮತ್ತೆ ಉಂಡೆ ಮಾಡಿ ಮತ್ತೆ ಹೊಸೆದರು. ತೋಳಿನ ಬಟ್ಟೆಯೆಲ್ಲ ಕೆಂಪಾಗಿತ್ತು.

"ಒಂದು ಸಲ ಮಾಡಿ ನೋಡೋಣ," ಎಂದರು.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ಗಂಡ ಸಿಂಕಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದರು. ಅವರು ಇಲ್ಲಿನ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ಎಂಜಿನಿಯರ್. "ಕರಿ ಬೇಡ ಅಂದ್ಯಾ? ಸೂಪರ್," ಎಂದರು. ಮೂರನೇ ಕ್ಲಾಸಿನ ಮಗಳು ಮಾತ್ರ ತಲೆ ಎತ್ತಿ ನನ್ನನ್ನೇ ನೋಡಿದಳು. ಅವಳು ಹುಟ್ಟಿದ್ದು ಇಲ್ಲೇ. ನಾವು ಕನ್ನಡದಲ್ಲಿ ಕೇಳಿದರೆ ಅವಳ ಉತ್ತರ ಹೆಚ್ಚಾಗಿ ಜಪಾನಿಯಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ, ಸಿಟ್ಟು ಬಂದರೆ ಎರಡರಲ್ಲೂ.

"ಅಮ್ಮಾ, ಜಪಾನೀಸ್‌ನಲ್ಲಿ ಮಾತಾಡ್ತೀಯಾ? ಆನ್ ಟಿವಿ?" ಎಂದು ಕೇಳಿದಳು.

"ಇನ್ಯಾವುದ್ರಲ್ಲಿ ಮಾತಾಡ್ಲಿ, ಪುಟ್ಟಿ?"

ಅವಳು ಮತ್ತೆ ತಲೆ ತಗ್ಗಿಸಿದಳು.

ಚಿತ್ರೀಕರಣದ ದಿನ ಸ್ಟುಡಿಯೋದಲ್ಲಿ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಒಂದಷ್ಟು ಮಕ್ಕಳು ಬರಿಗಾಲಲ್ಲಿ ಮೊಣಕಾಲೂರಿ ಕುಳಿತಿದ್ದರು. ಮೊದಲು ಮುಟ್ಟಲು ಹೇಸಿದವರು ಆಮೇಲೆ ಬಕೆಟ್ಟಿಗೇ ಕೈ ಹಾಕಿದರು. ನನಗೆ ಹುರುಪು ಬಂತು. ಜಪಾನಿ ಭಾಷೆಯಲ್ಲಿ ಕೆಸರಿಗೆ 'ಡೊರೊ', ಕೋಲಿಗೆ, ಕಡ್ಡಿಗೆ 'ಬೋ'. ಎರಡನ್ನೂ ಕೂಡಿಸಿದರೆ ಮಣ್ಣಿನ ಕಡ್ಡಿಯಾಯಿತಲ್ಲ ಎಂದುಕೊಂಡು, ಕ್ಯಾಮೆರಾ ನೋಡಿ, ದೊಡ್ಡ ದನಿಯಲ್ಲಿ ಹೇಳಿದೆ: "ಬನ್ನಿ, ಎಲ್ಲರೂ ಸೇರಿ ಡೊರೊಬೋ ಮಾಡೋಣ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಕ್ಯಾಮೆರಾ ಹಿಡಿದವರ ಹೆಗಲೂ ಕುಲುಕುತ್ತಿತ್ತು. ಮುಂದಿನ ಹಲ್ಲು ಬಿದ್ದಿದ್ದ ಒಬ್ಬ ಪುಟ್ಟ ಹುಡುಗಿ ನಗಲಿಲ್ಲ. ಅವಳು ನನ್ನ ತೋಳು ಮುಟ್ಟಿ, ಗುಟ್ಟು ಹೇಳುವವಳಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಸೆನ್ಸೆ, ಡೊರೊಬೋ ಅಂದ್ರೆ ಕಳ್ಳ. ಬೇರೆಯವರ ಸಾಮಾನು ತಗೊಂಡು ಓಡಿಹೋಗ್ತಾನಲ್ಲ, ಅವನು. ಇದು ಡೊರೊ ನೋ ಬೋ. ನಡುವೆ 'ನೋ' ಹಾಕ್ಬೇಕು."

ಎಲ್ಲರೂ ಸೇರಿ ಕಳ್ಳತನ ಮಾಡೋಣ ಎಂದು ನಾನು ಇಡೀ ಊರಿನ ಮಕ್ಕಳಿಗೆ ಕರೆ ಕೊಟ್ಟಿದ್ದೆ. ಆದರೆ ಆ ಹುಡುಗಿ ಹೇಳಿದ ಕ್ರಮ ಎಷ್ಟು ಚೆನ್ನಾಗಿತ್ತೆಂದರೆ ನಾಚಿಕೊಳ್ಳಲು ಪುರಸೊತ್ತಾಗಲಿಲ್ಲ. ಅವಳು ಹೇಳಿದ 'ನೋ' ನಮ್ಮ 'ಮಣ್ಣಿನ ಕಡ್ಡಿ' ಎಂಬ ಮಾತಿನಲ್ಲಿರುವ 'ಇನ' ಪ್ರತ್ಯಯದ ಕೆಲಸವನ್ನೇ ಮಾಡುತ್ತದೆ. "ಅರಿಗಾತೋ," ಎಂದು ಧನ್ಯವಾದ ಹೇಳಿ ಅವಳಿಗೆ ತಲೆ ಬಾಗಿಸಿದೆ. "ಹಾಗಾದರೆ ಡೊರೊ ನೋ ಬೋ ಮಾಡೋಣ. ಕಳ್ಳ ಬೇಡ." ಪಾಠ ಮುಂದುವರಿಯಿತು.

ಮುಗಿದ ಮೇಲೆ ನಿರ್ದೇಶಕಿ ಬಂದು ತಗ್ಗಿದ ದನಿಯಲ್ಲಿ, "ಸುಮಿಮಾಸೆನ್, ಕ್ಷಮಿಸಿ, ಆ ಭಾಗ ತೆಗೆದುಬಿಡುತ್ತೇವೆ. ನಿಮಗೆ ಮುಜುಗರವಾಗುವುದು ಬೇಡ," ಎಂದರು.

"ನನಗೆ ಮುಜುಗರವಿಲ್ಲ. ತೆಗೆಯಬೇಡಿ," ಎಂದೆ. "ಆ ಮಗು ನನಗೆ ಪಾಠ ಹೇಳಿತು, ಉಳಿದವರು ಕಿವಿಗೊಟ್ಟು ಕೇಳಿದರು. ದೊಡ್ಡವರು ತಪ್ಪು ಮಾಡಿದರೆ ಹೇಗೆ ತಿದ್ದಬೇಕು, ತಿದ್ದಿದಾಗ ದೊಡ್ಡವರು ಏನು ಮಾಡಬೇಕು, ಎರಡೂ ಅದರಲ್ಲಿವೆ. ನಿಮ್ಮ ಕಾರ್ಯಕ್ರಮವನ್ನು ಶಿಕ್ಷಣ ಅಂತ ಕರೆಯುತ್ತೀರಲ್ಲ, ಇವತ್ತು ಆದದ್ದು ಅದೇ."

ಆ ಭಾಗ ಉಳಿಯಿತು.

ಶನಿವಾರ ಪ್ರಸಾರವಾಯಿತು. ಮಗಳು ಕುಶನ್ ಅಪ್ಪಿಕೊಂಡು ನೋಡಿದಳು. ಡೊರೊಬೋ ಬಂದಾಗ ಕುಶನ್ನಿನಲ್ಲಿ ಮುಖ ಮುಚ್ಚಿದಳು. ಸೋಮವಾರ ಶಾಲೆಯಿಂದ ಬಂದವಳು ಬೂಟು ಕಳಚಿದ ರಭಸಕ್ಕೆ ಒಂದು ಬೂಟು ಗೋಡೆಗೆ ಬಡಿಯಿತು.

"ಅವರೆಲ್ಲ ನನ್ನನ್ನ ಡೊರೊಬೋನ ಮಗಳು ಅಂತಾರೆ," ಎಂದಳು. ಅವಳು ಇಷ್ಟುದ್ದದ ವಾಕ್ಯವನ್ನು ಕನ್ನಡದಲ್ಲಿ ಹೇಳಿದ್ದು ಅಪರೂಪ. ಉಳಿದದ್ದು ಇಂಗ್ಲಿಷಿನಲ್ಲಿ ಬಂತು. ಯಾಕೆ ಟಿವಿಗೆ ಹೋದೆ, ಅವರು ಆ ಭಾಗ ತೆಗೆಯುತ್ತೇವೆ ಅಂದರೂ ಯಾಕೆ ಬೇಡ ಅಂದೆ, ಎಲ್ಲರ ಅಮ್ಮನ ಹಾಗೆ ಯಾಕೆ ಸುಮ್ಮನಿರುವುದಿಲ್ಲ ಎಂದೆಲ್ಲ ಅಳುತ್ತ ಕೇಳಿದಳು.

ಸ್ಟುಡಿಯೋದಲ್ಲಿ ಧೈರ್ಯವಾಗಿ ಮಾತಾಡುವಾಗ ಇವಳ ಕ್ಲಾಸ್‌ರೂಮು ನನ್ನ ಕಣ್ಣ ಮುಂದೆ ಬಂದಿರಲಿಲ್ಲ. ಆದರೆ ಅವಳ ಕ್ಷಮೆ ಕೇಳಿದರೆ ನಾಚಿಕೆಪಡಬೇಕಾದ ಕೆಲಸವೇ ಆಗಿದೆ ಎಂದು ನಾನೇ ಒಪ್ಪಿಕೊಂಡ ಹಾಗಾಗುತ್ತದೆ ಎನ್ನಿಸಿತು. ಹಾಲು ಬಿಸಿ ಮಾಡಿ ಕೊಟ್ಟೆ, ಪಕ್ಕದಲ್ಲಿ ಕುಳಿತೆ.

"ಅವರು ಚುಚ್ಚೋಕೆ ಅಂತ ಅಂತಾರಾ, ತಮಾಷೆಗೆ ಅಂತಾರಾ?"

"ಬೋತ್."

"ಅವರಿಗೆ ಕಡ್ಡಿ ಮಾಡೋಕೆ ಬರುತ್ತಾ?"

ಅವಳು ಅಳು ನಿಲ್ಲಿಸಿ ಯೋಚಿಸಿದಳು. "ಗೊತ್ತಿಲ್ಲ. ನಂಗೂ ಬರಲ್ಲ."

ಅದು ನಿಜವಾಗಿತ್ತು. ನನ್ನ ಕೈಗೆ ಸದಾ ಮಣ್ಣು ಅಂಟಿರುತ್ತದೆ, ನನ್ನ ಮಗಳು ಮಾತ್ರ ಅದನ್ನು ಮುಟ್ಟಿ ನೋಡಿರಲಿಲ್ಲ. ಅವತ್ತು ಸಂಜೆ ಇಬ್ಬರೂ ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿಗೆ ಹೋದೆವು. ಉಯ್ಯಾಲೆಯ ಕೆಳಗಿನದು ಬರೀ ಮರಳು, ಯಾರು ಹೊಸೆದರೂ ನಿಲ್ಲುವುದಿಲ್ಲ. ಮಳೆನೀರು ಹರಿದು ನಿಲ್ಲುವ ಮೂಲೆಯಲ್ಲಿ ನಯವಾದ ಮಣ್ಣು ಸೇರಿರುತ್ತದೆ, ಅದು ಬಾಗುತ್ತದೆ. ಯಾಕೆ ಎಂದು ಅವಳೇ ಕೇಳಿದಳು. ನೀರಿನ ಓಟ ನಿಧಾನವಾದ ಮೇಲೆ ಹಗುರವಾದ, ಒಂದಕ್ಕೊಂದು ಅಂಟುವ ನುಣ್ಣನೆಯ ಕಣಗಳು ಕೊನೆಯಲ್ಲಿ ಇಳಿಯುತ್ತವೆ, ಅದಕ್ಕೆ ಎಂದೆ. ಕತ್ತಲಾಗುವ ಮೊದಲು ಅವಳು ಒಂದು ಪುಟ್ಟ ಕೋಡುಬಳೆ ಮಾಡಿದ್ದಳು, ಮುರಿದಿರಲಿಲ್ಲ.

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳು ಚುಡಾಯಿಸಿದವರನ್ನೇ ಆಟದ ಬಯಲಿಗೆ ಕರೆದುಕೊಂಡು ಹೋಗಿದ್ದಳಂತೆ. ಯಾರಿಗೂ ಕಡ್ಡಿ ಬರಲಿಲ್ಲ. ಅವಳು ಹೂವಿನ ಮಡಿಯ ಪಕ್ಕದ ಚರಂಡಿ ಮೂಲೆಯಿಂದ ಮಣ್ಣು ತಂದು ಉಂಗುರ ಮಾಡಿದಳು. ಆಮೇಲೆ ಎಲ್ಲರಿಗೂ ಆ ಜಾಗ ಬೇಕಾಯಿತು. ಇಷ್ಟನ್ನೂ ಊಟದ ಹೊತ್ತಿಗೆ, ಅನ್ನಕ್ಕೆ ಸಾರು ಕಲಸುತ್ತ, ದೊಡ್ಡ ವಿಷಯವೇ ಅಲ್ಲವೆಂಬಂತೆ ಹೇಳಿದಳು. ಅಡ್ಡಹೆಸರು ಹೋಯಿತಾ ಎಂದು ಅವಳಪ್ಪ ಕೇಳಿದರು. "ಇಲ್ಲ. ಈಗ ಎಲ್ಲರೂ ಡೊರೊಬೋನೇ," ಎಂದಳು.

ಮನೆಯ ತಕರಾರು ಹೀಗೆ ತಿಳಿಯಾಗುವ ಹೊತ್ತಿಗೆ ಕೇಂದ್ರದಿಂದ ಫೋನು ಬಂತು. ಸಲಹಾ ಮಂಡಳಿಯ ಸಭೆಯಲ್ಲಿ ನಮ್ಮ ಕಾರ್ಯಕ್ರಮದ ಬಗ್ಗೆ ಆಕ್ಷೇಪ ಬಂದಿತ್ತು. ಶಿಕ್ಷಣ ಎಂದು ಹೇಳಿಕೊಳ್ಳುವ ಕಾರ್ಯಕ್ರಮದಲ್ಲಿ ತಪ್ಪು ಭಾಷೆ ಪ್ರಸಾರವಾದದ್ದು ಹೇಗೆ ಎಂದು ಒಬ್ಬ ಸದಸ್ಯರು ಕೇಳಿದ್ದರು. ಮುಂದಿನ ಸಭೆಯಲ್ಲಿ ನಿರ್ದೇಶಕಿ ವಿವರಣೆ ಕೊಡಬೇಕಿತ್ತು. ಅವರ ದನಿ ಸೋತಿತ್ತು.

"ನಾನೂ ಬರುತ್ತೇನೆ," ಎಂದೆ. "ಮಾತು ನನ್ನದು, ಉತ್ತರವೂ ನನ್ನದೇ ಇರಲಿ."

ಸಭೆಗೆ ಹೋದೆ. ಆಕ್ಷೇಪಿಸಿದವರು ನಿವೃತ್ತ ಹೆಡ್‌ಮಾಸ್ಟರ್. ನೀಟಾದ ಬೂದು ಕೋಟು, ನೆಟ್ಟಗೆ ಕೂರುವ ರೀತಿ. ಅವರು ಒರಟಾಗಿ ಮಾತಾಡಲಿಲ್ಲ. "ಟಿವಿಯಲ್ಲಿ ಬಂದದ್ದು ಸರಿ ಅಂತ ಚಿಕ್ಕ ಮಕ್ಕಳು ನಂಬುತ್ತಾರೆ. ನಾನು ಜೀವನವಿಡೀ ಮಕ್ಕಳಿಗೆ ಅಕ್ಷರ ತಿದ್ದಿಸಿದವನು. ಅದಕ್ಕೇ ಹೇಳುತ್ತಿದ್ದೇನೆ, ದಯವಿಟ್ಟು ತಪ್ಪು ತಿಳಿಯಬೇಡಿ," ಎಂದರು.

ಅವರ ಮಾತಿನಲ್ಲಿ ಹುರುಳಿತ್ತು. ನಾನು ಎದ್ದು ನಿಂತು ನಿಧಾನವಾಗಿ, ಒಂದೊಂದೇ ಪದ ನೋಡಿಕೊಂಡು ಮಾತಾಡಿದೆ.

"ತಪ್ಪು ನನ್ನದು. ಆದರೆ ಆ ತಪ್ಪು ಟಿವಿಯಲ್ಲಿ ಒಂಟಿಯಾಗಿ ಬರಲಿಲ್ಲ, ತಿದ್ದುಪಡಿಯ ಜೊತೆಗೇ ಬಂತು. ತಿದ್ದಿದ್ದು ಒಬ್ಬಳು ಪುಟ್ಟ ಹುಡುಗಿ. ಯಾಕೆ ತಪ್ಪು ಅಂತ ಅರ್ಥವನ್ನೂ ಹೇಳಿದಳು. ನೀವು ನಿಮ್ಮ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿದ್ದೂ ಇದನ್ನೇ ಇರಬೇಕು. ಅದನ್ನು ಕತ್ತರಿಸಿದ್ದರೆ ನಾನು ತಪ್ಪೇ ಮಾಡದವಳ ಹಾಗೆ ಕಾಣುತ್ತಿದ್ದೆ. ಅದು ಸುಳ್ಳಾಗುತ್ತಿತ್ತು. ಈ ಊರಿನ ಶಾಲೆಗಳಲ್ಲಿ ಬೇರೆ ದೇಶದ ಮಕ್ಕಳು ಎಷ್ಟೋ ಇದ್ದಾರೆ. ಮಾತಾಡುವಾಗ ಎಡವಬಹುದು, ಯಾರಾದರೂ ಕೈ ಹಿಡಿಯುತ್ತಾರೆ ಅಂತ ಅವರಿಗೂ ತಿಳಿಯಲಿ."

ಹೆಡ್‌ಮಾಸ್ಟರರು ಟೀ ಬಾಟಲಿಯನ್ನು ಮೇಜಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿಸಿದರು.

"ಆ ಹುಡುಗಿ ಚೆನ್ನಾಗಿ ಹೇಳಿದಳು, ಅದನ್ನು ಒಪ್ಪುತ್ತೇನೆ. ಆದರೆ ಅವಳ ದನಿ ಸಣ್ಣದು. ನಗುವಿನ ನಡುವೆ ಎಷ್ಟು ಮಕ್ಕಳಿಗೆ ಅದು ಕೇಳಿಸಿತು? ಸರಿಯಾದ ಮಾತನ್ನು ಪರದೆಯ ಮೇಲೆ ದೊಡ್ಡದಾಗಿ ಬರೆದು ತೋರಿಸಬೇಕಿತ್ತು."

ಇದು ನನಗೆ ಹೊಳೆದಿರಲಿಲ್ಲ. ನಿರ್ದೇಶಕಿಯ ಕಡೆ ನೋಡಿದೆ, ಅವರೂ ತಲೆಯಾಡಿಸಿದರು. "ನೀವು ಹೇಳುವುದು ಸರಿ. ಮುಂದೆ ಹಾಗೆಯೇ ಮಾಡೋಣ," ಎಂದೆ.

"ಮುಂದೆ?" ಎಂದು ಅವರು ಹುಬ್ಬೇರಿಸಿದರು. ಆ ಪದವನ್ನು ನಾನು ಬೇಕೆಂದೇ ಬಳಸಿದ್ದೆ.

"ಮುಂದಿನ ಪಾಠ ಎರೆಹುಳುವಿನದು," ಎಂದೆ. ಅದನ್ನು ಯಾರೂ ತೀರ್ಮಾನಿಸಿರಲಿಲ್ಲ. ನಿರ್ದೇಶಕಿ ಕೆಮ್ಮಿದರು, ಉಳಿದ ಸದಸ್ಯರು ನಕ್ಕರು. ಹೆಡ್‌ಮಾಸ್ಟರರು ನಗಲಿಲ್ಲ, ಆದರೆ ಎರೆಹುಳುವನ್ನು ಸ್ಟುಡಿಯೋಕ್ಕೆ ತರುವ ಬದಲು ಮಕ್ಕಳನ್ನೇ ಹೊಲಕ್ಕೆ ಕರೆದೊಯ್ಯುವುದು ಒಳ್ಳೆಯದು ಎಂದರು.

ಮಂಡಳಿ ಹೇಳುವುದು ಅಭಿಪ್ರಾಯ ಮಾತ್ರ, ತೀರ್ಮಾನ ಕೇಂದ್ರದವರದು. ಕೆಲವು ವಾರ ಸುದ್ದಿಯಿರಲಿಲ್ಲ. ನಾನು ಕಾಯುತ್ತ ಕೂರಲಿಲ್ಲ, ಲ್ಯಾಬಿನ ಕೆಲಸ ತಲೆಯ ಮೇಲಿತ್ತು. ಕೊನೆಗೆ ನಿರ್ದೇಶಕಿ ಮತ್ತೆ ನನ್ನ ಕೋಣೆಗೇ ಬಂದರು, ಈ ಸಲ ಹಳೆಯ ಶರ್ಟು ಹಾಕಿಕೊಂಡು. ತಿಂಗಳಿಗೊಂದು ಸಲ ಮಣ್ಣಿನ ಪಾಠ ಇರಲಿ ಎಂದು ಕೇಂದ್ರ ಒಪ್ಪಿತ್ತು.

ಅಂದಿನಿಂದ ಇಂದಿನವರೆಗೆ ಅದು ನಡೆಯುತ್ತಿದೆ. ಎರೆಹುಳುವಿಗಾಗಿ ಹೊಲಕ್ಕೆ ಹೋದೆವು, ಚಹಾ ತೋಟಕ್ಕೂ ಹೋದೆವು. ಒಸಾಕಾದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಮ್ಮ ಮೈಸೂರಿನ ಹುಡುಗಿಯೊಬ್ಬಳು ಬಂದು ಪಾಚಿಯ ಬಗ್ಗೆ ಒಂದು ಪಾಠ ಮಾಡಿದಳು. ಅವಳನ್ನೂ ಯಾರೂ ಸೀರೆ ಉಟ್ಟು ಬನ್ನಿ ಎನ್ನಲಿಲ್ಲ.

ಈಗ ಚಿತ್ರೀಕರಣದ ಹಿಂದಿನ ಭಾನುವಾರ ನಾನು ಹೇಳಬೇಕಾದ ಮಾತುಗಳನ್ನು ಮಗಳೆದುರು ಓದುತ್ತೇನೆ. ಅವಳು ಕಾಲು ಮಡಚಿ ಕುಳಿತು, ಟೀಚರ್ ಗತ್ತಿನಲ್ಲಿ, "ಅಮ್ಮಾ, ಮತ್ತೆ ಹೇಳು," ಎನ್ನುತ್ತಾಳೆ. ಉಚ್ಚಾರದ ವಿಷಯದಲ್ಲಿ ಅವಳ ಮಾತೇ ಕೊನೆ. ಮಣ್ಣಿನ ವಿಷಯಕ್ಕೂ ಕೈ ಹಾಕುತ್ತಾಳೆ. ಹೋದ ಭಾನುವಾರ ಕೆಂಪು ಮಣ್ಣಿನ ಬಣ್ಣ ಕಬ್ಬಿಣದಿಂದ ಬಂದದ್ದು ಎಂಬ ಸಾಲನ್ನು ತೆಗೆದುಬಿಡು, ಚಿಕ್ಕ ಮಕ್ಕಳಿಗೆ ತಿಳಿಯುವುದಿಲ್ಲ ಎಂದು ಹಟ ಹಿಡಿದಳು. ನಾನು ತೆಗೆಯಲಿಲ್ಲ. ಬಾಲ್ಕನಿಯಲ್ಲಿ ತುಕ್ಕು ಹಿಡಿದ ಒಂದು ಮೊಳೆ ಹುಡುಕಿ ತಂದು, ಕೆಂಪು ಮಣ್ಣಿನ ಪಕ್ಕದಲ್ಲಿಟ್ಟು ತೋರಿಸಿದೆ. ಅವಳು ಎರಡನ್ನೂ ಬೆರಳಿನಿಂದ ಉಜ್ಜಿ, ಬೆರಳ ತುದಿ ನೋಡಿಕೊಂಡಳು.

"ಓಕೆ, ಇರಲಿ," ಎಂದಳು. "ಆದ್ರೆ ಮೊಳೆನೂ ತಗೊಂಡು ಹೋಗು."