ವಸಂತಮ್ಮನವರ ಮೂರು ಬೇಜಾರುಗಳು

ಮೈಸೂರಿನಲ್ಲಿ ಇಂಗ್ಲಿಷ್ ಕಲಿಸಿದವರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಆದರೆ ಆ ಭಾಷೆಯಲ್ಲಿ ಬಾಯಿ ತೆರೆಯುವ ಮುನ್ನ ಎದುರಿಗಿರುವವರು ಯಾರು, ಅವರ ಮನೆಯಲ್ಲಿ ಏನು ನಡೆದಿದೆ, ನಮ್ಮ ರೂಢಿಗೂ ಅವರ ರೂಢಿಗೂ ಎಲ್ಲಿ ತಾಳ ತಪ್ಪುತ್ತದೆ ಎಂಬುದನ್ನೂ ಕಲಿಸಿದವರು ಇಡೀ ದಕ್ಷಿಣ ಏಷ್ಯಾದಲ್ಲಿ ಒಬ್ಬರೇ: ಪ್ರೊಫೆಸರ್ ವಸಂತಮ್ಮನವರು. ದಕ್ಷಿಣ ಏಷ್ಯಾ ಎಂದು ನಿಲ್ಲಿಸಿದ್ದು ಸಂಕೋಚದಿಂದ. ಈ ಅಭಿನಂದನ ಗ್ರಂಥದ ಲೇಖನದಲ್ಲಿ ‘ಶಾಂತಮೂರ್ತಿ’ ಎಂಬ ಪದ ಎಲ್ಲಾದರೂ ಬರಲಿ ಎಂದು ಅಭಿನಂದನ ಸಮಿತಿಯವರು ಕೋರಿದ್ದರು. ಬಂತು, ಇನ್ನು ಬರುವುದಿಲ್ಲ.

ದೇವರಾಜ ಮೊಹಲ್ಲಾದ ಖಾಸಗಿ ಕಾಲೇಜೊಂದರ ಮಹಡಿಯ ಮೇಲೆ ಮೂವತ್ತಮೂರು ವರ್ಷ ಅವರು ಪಾಠ ಹೇಳಿದರು. ಅವರು ಕ್ರಿಯಾಪದ ಹೇಳತೊಡಗಿದರೆ ಕೆಳಗಿನ ಬೀದಿಯಲ್ಲಿ ವೀಳ್ಯದೆಲೆ ಮಾರುವವರೂ ಭೂತಕಾಲಕ್ಕೆ ಹೋಗಿಬಿಡುತ್ತಿದ್ದರು. ಬೋಗಾದಿಯ ಬಾಡಿಗೆ ಕೋಣೆಗಳಿಂದ ಹಸಿದು ಬರುವ ಹುಡುಗರಿಗಾಗಿ ದಿನವೂ ಮೂವತ್ತು ಇಡ್ಲಿ ತರುತ್ತಿದ್ದರು. ಮುನ್ನೂರು ಎಂದು ಬರೆದರೂ ತಿಂದವರು ಅಲ್ಲಗಳೆಯಲಾರರು. “ತಿನ್ನೋ ಮೊದ್ಲು. ಹಸ್ಕೊಂಡು ಕೂತೋನಿಗೆ ಗ್ರಾಮರ್ ಹತ್ತಲ್ಲ ಕಣೋ” ಎಂದು ಬೈದೇ ಬಡಿಸುತ್ತಿದ್ದರು.

ಅಂಥವರ ಸಿಟ್ಟು ಚಾಮುಂಡಿ ಬೆಟ್ಟದಷ್ಟು ಎತ್ತರಕ್ಕೆ ಏರಿದ್ದು ಒಂದು ರಜಾ ಅರ್ಜಿಯಿಂದ. ಅಂತಿಮ ಪದವಿ ಪರೀಕ್ಷೆಗೆ ಮೂರು ವಾರವಿತ್ತು. ಕಡಕೊಳದ ತೇಜಸ್ವಿನಿ ಎಂಬ ವಿದ್ಯಾರ್ಥಿನಿ, ಅಜ್ಜಿ ತಿಮ್ಮಮ್ಮ ತೀರಿಕೊಂಡರೆಂದು ತಿಳಿಸಿ, ಅರ್ಜಿಯ ಕೊನೆಗೆ ‘ಐ ಆ್ಯಮ್ ವೆರಿ ಬೋರ್ಡ್’ ಎಂದು ಬರೆದಿದ್ದಳು. ಬಹಳ ಬೇಜಾರಾಗಿದೆ ಎಂದು ಹೇಳಹೊರಟ ಹುಡುಗಿ, ಅಜ್ಜಿ ಸತ್ತದ್ದು ತನಗೆ ಬೋರ್ ಹೊಡೆಸಿದೆ ಎಂದು ಬರೆದಂತಾಗಿತ್ತು. ಅಂದಿನ ಪ್ರಾಂಶುಪಾಲರು ಅದರ ಫೋಟೊ ತೆಗೆದು, ನಗುವ ಮುಖಗಳ ಸಾಲು ಸೇರಿಸಿ, ಕಾಲೇಜಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಅವರ ಹೆಸರನ್ನು ಅಚ್ಚು ಮಾಡಿ ಈ ಪುಸ್ತಕದ ಕಾಗದ ಕೆಡಿಸುವ ಉದ್ದೇಶವಿಲ್ಲ. ಸಂಜೆಯೊಳಗೆ ಫೋಟೊ ಸಾವಿನ ಮನೆಯಲ್ಲಿ ಕೂತಿದ್ದ ಹುಡುಗಿಯ ಫೋನಿಗೂ ಹೋಯಿತು. ಇನ್ನು ಕಾಲೇಜಿನ ಕಡೆ ತಲೆ ಹಾಕುವುದಿಲ್ಲವೆಂದು ಅವಳು ಹಟ ಹಿಡಿದಳು. ಪರೀಕ್ಷೆಗೂ ಬರುವುದಿಲ್ಲವಂತೆ ಎಂದು ಅವಳ ಗೆಳತಿಯರು ಹೇಳಿದರು.

ಮಾರನೆಯ ದಿನ ಅಧ್ಯಾಪಕರ ಸಭೆಯಲ್ಲಿ ವಸಂತಮ್ಮನವರು ಎದ್ದು, ಆ ಹುಡುಗಿಯ ಕ್ಷಮೆ ಕೇಳಿರೆಂದು ಒತ್ತಾಯಿಸಿದರು. ಪ್ರಾಂಶುಪಾಲರು ನಕ್ಕರು.

“ತಮಾಷೆಗೆ ಹಾಕಿದ್ದು ಕಣ್ರೀ. ನೀವು ಬೇಜಾರು ಮಾಡ್ಕೋಬೇಡಿ ಮೇಡಂ.”

ಆ ಮಾತು ಕಿವಿಗೆ ಬಿದ್ದದ್ದೇ ವಸಂತಮ್ಮನವರು ಮೇಜಿನ ಮೇಲಿದ್ದ ಸೀಮೆಸುಣ್ಣ ತೆಗೆದು ಅವರ ಕೈಗಿಟ್ಟರು. “ಈಗ ಅಂದ್ರಲ್ಲಾ ಸಾರ್, ಅದನ್ನೇ ಇಂಗ್ಲಿಷಿನಲ್ಲಿ ಬರೀರಿ. ತೇಜಸ್ವಿನಿಯ ಬೇಜಾರು ದುಃಖ. ನಿಮ್ಮ ಭಾಷಣ ಕೇಳುವಾಗ ನಮಗಾಗೋ ಬೇಜಾರು ಇನ್ನೊಂದು. ಈಗ ನೀವು ಮಾಡ್ಕೋಬೇಡಿ ಅಂದದ್ದು ಮೂರನೇದು. ಬರೀರಿ, ನೋಡೋಣ.”

ಪ್ರಾಂಶುಪಾಲರು ಹಲಗೆಯೆದುರು ಒಂದು ಯುಗ ನಿಂತರು. ಕೈಯ ಬೆವರಿಗೆ ಸೀಮೆಸುಣ್ಣ ಕರಗಿ ಮೊಣಕೈವರೆಗೆ ಹರಿಯಿತು. ಕೊನೆಗೆ ಬರೆದರು: ‘ಡೋಂಟ್ ಮಿಸ್ಟೇಕ್ ಮಿ.’

“ಹಂಗಂದ್ರೆ ನನ್ನನ್ನ ಬೇರೆ ಯಾರೋ ಅಂದ್ಕೋಬೇಡಿ ಅಂತ ಅರ್ಥ ಸಾರ್” ಎಂದರು ವಸಂತಮ್ಮ. “ಚಿಂತೆ ಬಿಡಿ. ನಿಮ್ಮನ್ನ ಬೇರೆಯವರು ಅಂತ ಯಾರೂ ಅಂದ್ಕೊಳಲ್ಲ.”

ಜವಾನ ಚಂದ್ರು ಹಲಗೆಯ ಫೋಟೊ ತೆಗೆಯಲು ಫೋನ್ ಎತ್ತಿದ. “ಒಳಗಿಡಯ್ಯ ಅದನ್ನ! ಇವರಿಗೂ ನಮಗೂ ಏನು ವ್ಯತ್ಯಾಸ ಆಮೇಲೆ?” ಎಂದು ಗದರಿದ ವಸಂತಮ್ಮನವರು ತಮ್ಮ ಕೈಯಿಂದಲೇ ಹಲಗೆ ಒರೆಸಿ ಹೊರನಡೆದರು. ಕ್ಷಮೆಯನ್ನು ಪ್ರಾಂಶುಪಾಲರು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ.

ಅದೇ ಮಧ್ಯಾಹ್ನ ನಂಜನಗೂಡು ರಸ್ತೆಯ ಬಸ್ಸು ಹತ್ತಿ ಅವರು ಕಡಕೊಳಕ್ಕೆ ಹೋದರು. ದಾರಿಯುದ್ದಕ್ಕೂ ಪ್ರಾಂಶುಪಾಲರನ್ನು ಏಳು ಭಾಷೆಗಳಲ್ಲಿ ಬೈದುಕೊಂಡರು. ಹುಡುಗಿಯ ತಂದೆ ಮರಿಯಯ್ಯ, ಅಲ್ಲಿನ ಕಾರ್ಖಾನೆಯೊಂದರ ನೌಕರ, ಚಾಪೆ ಹಾಸಿದರು.

“ಕೂತ್ಕಳಿ ಮೇಡಮ್ಮೋರೇ. ಅವ್ಳು ಆಚೆಗೇ ಬರ್ತಿಲ್ಲ. ನೀವಾದ್ರೂ ಒಂದು ಮಾತು ಏಳಿ.”

ತೇಜಸ್ವಿನಿ ಒಳಗಿನಿಂದ ಮೊದಲ ವರ್ಷದ ನೋಟ್‌ಬುಕ್ ತಂದು ಒಂದು ಪುಟ ತೆರೆದು ಮುಂದಿಟ್ಟಳು. ಕನ್ನಡದ ಒಂದು ಮಾತಿಗೆ ಇಂಗ್ಲಿಷಿನ ಒಂದು ಮಾತು ಎಂದು ವಸಂತಮ್ಮನವರೇ ಬರೆಸಿದ ಪಟ್ಟಿ. ‘ಬೇಜಾರು’ ಎಂಬುದರ ಎದುರಿಗೆ ‘ಬೋರ್ಡ್’ ಎಂದಿತ್ತು. ಪಕ್ಕದಲ್ಲಿ ಅವರದೇ ಕೆಂಪು ಶಾಯಿಯ ಸರಿ ಗುರುತು.

ಏಳು ಭಾಷೆಗಳ ಬೈಗುಳವೂ ಈಗ ತಿರುಗಿ ತಮ್ಮ ಮೇಲೆಯೇ ಬಿದ್ದಂತೆ ಅವರಿಗಾಯಿತು. ಹುಡುಗಿ ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆಯೇ ಬರೆದಿದ್ದಳು.

“ತಪ್ಪು ನಂದು ಕಣಮ್ಮ” ಎಂದರು. “ಮಾತು ಹೇಳ್ಕೊಟ್ಟೆ. ಅದನ್ನ ಯಾವ ಮನೇಲಿ ಆಡ್ಬೇಕು ಅಂತ ಹೇಳ್ಕೊಡ್ಲಿಲ್ಲ.”

“ಬುಡಿ ಮೇಡಂ. ನಂಗೆ ಇಂಗ್ಲಿಷೇ ಬ್ಯಾಡ.”

ವಸಂತಮ್ಮನವರು ಎದ್ದು, ಸಾವಿನ ಮನೆಯಿಂದ ಹೊರಡುವಾಗ ‘ಹೋಗಿ ಬರ್ತೀನಿ’ ಎನ್ನಬಾರದೆಂಬ ರೂಢಿಯಂತೆ ಒಂದೂ ಮಾತಾಡದೆ ಹೊಸ್ತಿಲು ದಾಟಿದರು. ಗೇಟಿನವರೆಗೆ ಹೋದಾಗ ಹಿಂದಿನಿಂದ ತೇಜಸ್ವಿನಿಯ ದನಿ ಬಂತು.

“ಮೇಡಂ, ಇಂಗ್ಲಿಷ್‌ನೋರು ಸತ್ತೋರ ಮನೆಯಿಂದ ಹೊರಡುವಾಗ ಏನಂತಾರೆ?”

ಮೂರು ದಶಕ ಇಂಗ್ಲಿಷ್ ಕಲಿಸಿದ, ಸಮುದ್ರದಾಚೆಯ ವಿದ್ವಾಂಸರ ಬೆವರಿಳಿಸಬಲ್ಲ ವಸಂತಮ್ಮನವರು ತಿರುಗಿ ನಿಂತರು.

“ಗೊತ್ತಿಲ್ಲ ಕಣಮ್ಮ. ತಿಥಿ ಮುಗಿಸ್ಕೊಂಡು ಬಾ. ಇಬ್ಬರೂ ಸೇರಿ ಹುಡುಕೋಣ.”

ಹನ್ನೆರಡನೆಯ ದಿನ ಅವಳು ಮೊದಲ ಬೆಂಚಿನಲ್ಲಿದ್ದಳು. ಚಿನ್ನದ ಪದಕ ಗೆದ್ದಳೆಂದು ಬರೆಯುವ ಆಸೆ ಲೇಖನಿಗೆ ವಿಪರೀತವಿದೆ. ಸಿಕ್ಕಿದ್ದು ಸೆಕೆಂಡ್ ಕ್ಲಾಸ್, ಅದೂ ನಾಲ್ಕೇ ಅಂಕ ಹೆಚ್ಚಿದ್ದರಿಂದ. ವಸಂತಮ್ಮನವರು ಹಳೆಯ ಪಟ್ಟಿಗಳನ್ನೆಲ್ಲ ಹರಿದು, ಪ್ರತಿಯೊಂದು ಮಾತಿನ ಮುಂದೆಯೂ ಯಾರು, ಯಾರಿಗೆ, ಯಾವ ಗಳಿಗೆಯಲ್ಲಿ ಎಂದು ಕೇಳುವ ಹೊಸ ಪಾಠಗಳನ್ನು ಬರೆದರು. ಅವನ್ನು ಅಚ್ಚು ಹಾಕಿಸಲು ಆಡಳಿತ ಮಂಡಳಿ ಒಪ್ಪಲಿಲ್ಲ. ಬೀಳ್ಕೊಡುಗೆಯ ದಿನ ಶಾಲು ಹೊದಿಸಲು ಮಾತ್ರ ಅದೇ ಮಂಡಳಿಯ ನಾಲ್ವರು ನೂಕಾಡಿದರು.

ಪೂಜ್ಯ ವಸಂತಮ್ಮನವರಿಗೆ ನೂರು ವರ್ಷ ಸಾಲದು, ಇನ್ನೂರು ಬೇಕು. ಏಕೆಂದರೆ ಆ ಪಾಠಗಳನ್ನೇ ಅಕಾರಾದಿಯಾಗಿ ಸೇರಿಸಿ ಬರೆಯುತ್ತಿರುವ ಪಾಠಪುಸ್ತಕ ಇನ್ನೂ ‘ತ’ಕಾರ ದಾಟಿಲ್ಲ. ಆರೋಗ್ಯ ಗಟ್ಟಿಯಿರಲಿ, ಸಿಟ್ಟು ಒಂದು ಗುಲಗಂಜಿಯಷ್ಟೂ ಇಳಿಯದಿರಲಿ. ಪ್ರತಿ ಭಾನುವಾರ ಆ ಪುಸ್ತಕದ ಕರಡು ತಿದ್ದಲು ಕಡಕೊಳದಿಂದ ಬಸ್ಸಿನಲ್ಲಿ ಬರುವಾಕೆ, ಗುರುಗಳೇ ಬರೆದದ್ದನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕುವಷ್ಟು ಧೈರ್ಯವಂತೆಯಾಗಿಯೇ ಉಳಿಯಲಿ.